ಜ್ವರ ಬಿಟ್ಟಿದೆ, ಸುಸ್ತು ಬಿಟ್ಟಿಲ್ಲ: ಮನೆಯವರು ಮಾಡಬೇಕಾದ್ದು

ಫ್ಲೂ ಆಗಲಿ, ಕೋವಿಡ್ ಆಗಲಿ, ಹೆಸರೇ ಗೊತ್ತಾಗದ ಇನ್ಯಾವುದೋ ವೈರಲ್ ಜ್ವರವಾಗಲಿ, ಮೈ ಕಾವು ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೆ ಇಳಿಯುತ್ತದೆ. ಕಾಯಿಲೆ ಮುಗಿಯಿತು ಎಂದು ಮನೆಯವರು ನಿಟ್ಟುಸಿರು ಬಿಡುವುದೂ ಆಗಲೇ. ಆದರೆ ಒಣ ಕೆಮ್ಮು 3ರಿಂದ 8 ವಾರ ಉಳಿಯಬಹುದು. ನಾಲ್ಕು ಮೆಟ್ಟಿಲು ಹತ್ತಿದರೆ ಬರುವ ಏದುಸಿರು, ಮಧ್ಯಾಹ್ನವಾದರೆ ಕಾಲೆಳೆಯುವ ಸುಸ್ತು ಇನ್ನೂ ಹೆಚ್ಚು ದಿನ ಇರಬಹುದು. ವೈರಸ್ ಹೋಗಿರುತ್ತದೆ, ಅದು ಕೆಡಿಸಿದ ಶ್ವಾಸನಾಳದ ಒಳಪದರ ಮತ್ತೆ ಬೆಳೆದು ಗಟ್ಟಿಯಾಗಿರುವುದಿಲ್ಲ. ಅಲ್ಲಿಯವರೆಗೆ ತಣ್ಣನೆ ಗಾಳಿ, ಒಗ್ಗರಣೆ ಘಾಟು, ಜೋರು ನಗು, ಯಾವುದು ಬೇಕಾದರೂ ಕೆಮ್ಮು ತರಿಸುತ್ತದೆ. ಹತ್ತು ದಿನ ಹಾಸಿಗೆ ಹಿಡಿದವರ ತೊಡೆಯ ಸ್ನಾಯುವೂ ಇಳಿದಿರುತ್ತದೆ. 60 ದಾಟಿದವರಲ್ಲಿ ಇದು ಇನ್ನೂ ಹೆಚ್ಚು.

ಈ ವಾರಗಳಲ್ಲಿ ಎಡವಟ್ಟಾಗುವುದು ಬಹುತೇಕ ಚೆನ್ನಾಗಿರುವ ದಿನ. ಮಲಗಿದ ದಿನ ಎಲ್ಲರೂ ಎಚ್ಚರವಾಗಿರುತ್ತಾರೆ. "ಇವತ್ತು ಪರವಾಗಿಲ್ಲ ಕಣೇ" ಎಂದು ಅಮ್ಮ ಎದ್ದು, ಕೊಟ್ಟಿಗೆ ಬಾಚಿ, ಎರಡು ಬಿಂದಿಗೆ ನೀರು ತಂದು, ಸಂಜೆ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗಿ ಬರುತ್ತಾರೆ. ಮನೆಯವರೂ ಖುಷಿಯಾಗುತ್ತಾರೆ. ಮೂರನೇ ದಿನ ಅವರು ಮತ್ತೆ ಹಾಸಿಗೆಯಲ್ಲಿ. ಆರೈಕೆ ಮಾಡುವವರು ಮುಖ್ಯವಾಗಿ ಕಾಯಬೇಕಾದ್ದು ಈ ಚೆನ್ನಾಗಿರುವ ದಿನವನ್ನೇ. ಕೆಳಗಿರುವ ಹೆಚ್ಚಿನ ಸಂಗತಿಗಳು ಅದರ ಸುತ್ತಲೇ ಇವೆ.

ಮೊದಲು ಇದು: ಯಾವಾಗ ಮನೆಯಲ್ಲಿ ಕೂರಬಾರದು

ಈ ಕೆಳಗಿನ ಒಂದೇ ಒಂದು ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ:

- ಸುಮ್ಮನೆ ಕೂತಿದ್ದರೂ ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು
- ತುಟಿ ಅಥವಾ ಉಗುರಿನ ಬುಡ ನೀಲಿಗಟ್ಟುವುದು
- ಎದೆ ಒತ್ತಿದಂತಾಗುವುದು, ಎದೆ ನೋವು, ಕೆಮ್ಮಿದಾಗ ರಕ್ತ
- ಇದ್ದಕ್ಕಿದ್ದಂತೆ ಗೊಂದಲ, ಮನೆಯವರ ಗುರುತು ಸಿಗದಿರುವುದು, ಎಬ್ಬಿಸಿದರೂ ಏಳದಷ್ಟು ಮಂಪರು
- ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್‌ನಲ್ಲಿ 90 ಅಥವಾ ಅದಕ್ಕಿಂತ ಕಡಿಮೆ

ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ದಮ್ಮೂ ಕಟ್ಟಿದರೆ ಅದೂ 108ರ ಮಾತೇ. ಜ್ವರ ಬಿಟ್ಟು ಎರಡು ಮೂರು ದಿನ ಚೆನ್ನಾಗಿದ್ದು ಮತ್ತೆ ಏರಿದರೆ, ಕಫ ಹಳದಿ ಹಸಿರಾಗಿ ಹೆಚ್ಚಿದರೆ, ವೈರಸ್‌ನ ಹಿಂದೆಯೇ ನ್ಯುಮೋನಿಯಾ ಬಂದಿರುವ ಸಾಧ್ಯತೆ ಇದೆ. "ಅದೇ ಜ್ವರ, ಹೋಗುತ್ತೆ ಬಿಡು" ಎನ್ನದೆ ಅಂದೇ ಡಾಕ್ಟರಿಗೆ ತೋರಿಸಿ.

ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ವೈರಲ್ ಕೆಮ್ಮೇ ಇರಬಹುದು, ಕ್ಷಯವೂ ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಕೆಜಿಎಫ್ ಗಣಿಯಲ್ಲಿ ದುಡಿದ ಹಿರಿಯರಿರುವ ಮನೆ, ಕಲ್ಲು ಕ್ರಷರ್‌ನಲ್ಲಿ ಕೆಲಸ ಮಾಡುವವರಿರುವ ಮನೆ ಇನ್ನೂ ಬೇಗ ಹೋಗಬೇಕು. ಕಲ್ಲುಧೂಳು ಸೇರಿದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಅಂಟುತ್ತದೆ, ಸಾಮಾನ್ಯ ವೈರಸ್ ಕೂಡ ಆಳವಾಗಿ ಕಾಡುತ್ತದೆ. ಆ ಕೆಲಸದ ವಿಷಯವನ್ನು ಡಾಕ್ಟರ್ ಕೇಳದಿದ್ದರೂ ನೀವಾಗಿ ಹೇಳಿ.

ಆಕ್ಸಿಮೀಟರ್ ಹಿಡಿಯುವ ರೀತಿ

2021ರಲ್ಲಿ ಕೊಂಡ ಆಕ್ಸಿಮೀಟರ್ ಅನೇಕ ಮನೆಗಳ ಬೀರುವಿನಲ್ಲಿ ಇನ್ನೂ ಇದೆ. ಸೆಲ್ ಬದಲಿಸಿ, ಮೊದಲು ನಿಮ್ಮ ಬೆರಳಿಗೆ ಹಾಕಿ ಸರಿ ತೋರಿಸುತ್ತದೆಯೇ ನೋಡಿ. ರೋಗಿ ಐದು ನಿಮಿಷ ಕೂತಿರಬೇಕು. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಉಗುರಿನ ಮೇಲೆ ಮೆಹೆಂದಿ ಅಥವಾ ಬಣ್ಣ ಇದ್ದರೆ ಅಂಕಿ ತಪ್ಪು ಬರಬಹುದು, ಬಣ್ಣವಿಲ್ಲದ ಬೆರಳು ಆರಿಸಿ. ಹಾಕಿದ ಕೂಡಲೇ ಕಾಣುವ ಅಂಕಿಯನ್ನು ನಂಬಬೇಡಿ. ಒಂದು ನಿಮಿಷ ಬಿಟ್ಟು, ಕದಲದೆ ನಿಂತ ಅಂಕಿಯನ್ನು ಬರೆದುಕೊಳ್ಳಿ. 94 ಮತ್ತು ಮೇಲೆ ಇದ್ದರೆ ಸರಿ. 91ರಿಂದ 93 ಬಂದರೆ ಅಂದೇ ಡಾಕ್ಟರಿಗೆ ತಿಳಿಸಿ. ಮೊದಲಿನಿಂದಲೂ ಶ್ವಾಸಕೋಶದ ಕಾಯಿಲೆ ಇರುವವರಿಗೆ ಈ ಅಂಕಿಗಳು ಬೇರೆ ಇರಬಹುದು, ಅವರ ಡಾಕ್ಟರ್ ಹೇಳಿದ್ದೇ ಲೆಕ್ಕ.

ದಿನಕ್ಕೆ ಎರಡು ಸಲ ಸಾಕು. ಹತ್ತು ನಿಮಿಷಕ್ಕೊಮ್ಮೆ ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದರೆ ರೋಗಿಯ ಭಯ ಹೆಚ್ಚುತ್ತದೆ. ಭಯಕ್ಕೇ ಉಸಿರು ಮೇಲೆ ಮೇಲೆ ಬರತೊಡಗುತ್ತದೆ.

ಒಂದು ನೂರು ಪುಟದ ನೋಟ್‌ಬುಕ್

ದಿನಕ್ಕೊಂದು ಸಾಲು. ದಿನಾಂಕ, ಬೆಳಗಿನ ಮತ್ತು ಸಂಜೆಯ ಆಕ್ಸಿಜನ್ ಹಾಗೂ ನಾಡಿ, ಜ್ವರ ಇದ್ದರೆ ಎಷ್ಟು, ಮಾಡಿದ ಕೆಲಸ, ಸುಸ್ತು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ. ಸಕ್ಕರೆ ಕಾಯಿಲೆ ಇದ್ದರೆ ಶುಗರ್ ಕೂಡ ಬರೆಯಿರಿ. ಸೋಂಕಿನಲ್ಲಿ ಅದು ಏರುತ್ತದೆ, ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೆ ಇನ್ನೂ ಏರುತ್ತದೆ.

ಮಾಡಿದ ಕೆಲಸ ಬರೆಯುವಾಗ ಸ್ನಾನ, ಕ್ಷೌರ, ಅರ್ಧ ಗಂಟೆಯ ಫೋನ್ ಮಾತು, ನೆಂಟರು ಬಂದು ಹೋಗಿದ್ದು ಎಲ್ಲವನ್ನೂ ಬರೆಯಿರಿ. ಚೇತರಿಸಿಕೊಳ್ಳುತ್ತಿರುವ ದೇಹಕ್ಕೆ ಇವೆಲ್ಲ ಕೆಲಸವೇ. ಬಿಸಿನೀರ ಸ್ನಾನವಂತೂ ಹೊಲದ ಕೆಲಸದಷ್ಟೇ ಸುಸ್ತು ಮಾಡಬಹುದು ಎಂಬುದು ಮನೆಯವರಿಗೆ ಹೊಳೆಯುವುದೇ ಇಲ್ಲ.

ಸುಸ್ತಿನಲ್ಲಿ ಎರಡು ಬಗೆ

ಇದನ್ನು ತಿಳಿಯದೆ ಕೊಡುವ ಸಲಹೆಯೇ ರೋಗಿಗೆ ಹೆಚ್ಚು ತೊಂದರೆ ಮಾಡುತ್ತದೆ. "ಸ್ವಲ್ಪ ಓಡಾಡಿದ್ರೆ ಸರಿಹೋಗುತ್ತೆ" ಎಂಬ ಮಾತು ಒಂದು ಬಗೆಯ ಸುಸ್ತಿಗೆ ಔಷಧಿ, ಇನ್ನೊಂದಕ್ಕೆ ಏಟು.

ಮೊದಲನೆಯದು ಮಲಗಿ ಮಲಗಿ ಬಂದ ನಿಶ್ಶಕ್ತಿ. ನಡೆದಾಗ ಕಾಲು ಸೋಲುತ್ತದೆ, ಕೂತರೆ ಅರ್ಧ ಗಂಟೆಯಲ್ಲಿ ಸುಧಾರಿಸುತ್ತದೆ, ರಾತ್ರಿ ನಿದ್ದೆ ಬಂದರೆ ಬೆಳಗ್ಗೆ ನಿನ್ನೆಯಂತೆಯೇ ಎದ್ದಿರುತ್ತಾರೆ. ಇವರು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬಹುದು.

ಎರಡನೆಯದು ಬೇರೆ. ಕೆಲಸ ಮಾಡಿದ ದಿನ ಚೆನ್ನಾಗಿಯೇ ಇರುತ್ತಾರೆ. ಮಾರನೇ ದಿನ ಅಥವಾ ಅದರ ಮಾರನೇ ದಿನ, 12ರಿಂದ 48 ಗಂಟೆ ಬಿಟ್ಟು, ಕುಸಿಯುತ್ತಾರೆ. ಮೈಕೈ ನೋವು, ಗಂಟಲು ಕೆರೆತ, ತಲೆ ಮಂಕು, ಎಷ್ಟು ಮಲಗಿದರೂ ಹೋಗದ ಸುಸ್ತು. ಕೋವಿಡ್ ನಂತರ ಇದು ಹೆಚ್ಚು ಕಂಡುಬಂದಿದೆ, ಬೇರೆ ವೈರಸ್‌ಗಳ ನಂತರವೂ ಆಗುತ್ತದೆ. ಏಟು ತಡವಾಗಿ ಬೀಳುವುದರಿಂದ ಯಾರೂ ಅದನ್ನು ಮೊನ್ನೆಯ ಕೆಲಸಕ್ಕೆ ಹೊಂದಿಸಿ ನೋಡುವುದಿಲ್ಲ. "ನಿನ್ನೆ ಏನೂ ಮಾಡಿಲ್ಲ, ಆದ್ರೂ ಸುಸ್ತಂತೆ" ಎನ್ನುತ್ತಾರೆ. ನೋಟ್‌ಬುಕ್ ಇರುವುದೇ ಇದಕ್ಕೆ. ಕುಸಿದ ದಿನದಿಂದ ಎರಡು ಸಾಲು ಹಿಂದಕ್ಕೆ ಓದಿ, ಕಾರಣ ಅಲ್ಲಿ ಸಿಗುತ್ತದೆ.

ಎರಡನೇ ಬಗೆಯವರಿಗೆ ಮಾಡಬೇಕಾದ್ದು:

1. ಒಂದು ವಾರದ ಸಾಲುಗಳನ್ನು ನೋಡಿ, ಕುಸಿಯದೆ ಎಷ್ಟು ಮಾಡಲು ಆಯಿತು ಎಂದು ಗುರುತಿಸಿ. ಅಳತೆಗೆ ಕೆಟ್ಟ ದಿನವನ್ನು ತೆಗೆದುಕೊಳ್ಳಿ. ಆ ದಿನ ಆದಷ್ಟೇ ಸದ್ಯದ ಮಿತಿ.
2. ಚೆನ್ನಾಗಿರುವ ದಿನವೂ ಆ ಮಿತಿ ದಾಟಬಾರದು. ಅವರು "ಇನ್ನೂ ಆಗುತ್ತೆ" ಎನ್ನುವಾಗಲೇ ನಿಲ್ಲಿಸಿ.
3. ಕೆಲಸವನ್ನು ಹತ್ತು ಹದಿನೈದು ನಿಮಿಷದ ತುಂಡು ಮಾಡಿ. ಮಧ್ಯೆ ಮಧ್ಯೆ ಸುಸ್ತಾಗುವ ಮೊದಲೇ ಮಲಗಿಸಿ. ಟಿವಿ, ಮೊಬೈಲ್ ನೋಡುತ್ತಾ ಮಲಗಿದರೆ ಅದು ವಿಶ್ರಾಂತಿ ಅಲ್ಲ. ಕಣ್ಣು ಮುಚ್ಚಿ, ಸದ್ದಿಲ್ಲದ ಕಡೆ ಮಲಗಬೇಕು.
4. ಸ್ನಾನ ಮತ್ತು ಆಸ್ಪತ್ರೆ ಭೇಟಿ ಒಂದೇ ದಿನ ಬೇಡ. ಒಂದು ದಿನಕ್ಕೆ ಒಂದೇ ದೊಡ್ಡ ಕೆಲಸ.
5. ಎರಡು ವಾರ ಕುಸಿಯದೆ ಕಳೆದರೆ ಮಾತ್ರ ಒಂದು ಸಂಗತಿ ಹೆಚ್ಚಿಸಿ. ಎರಡನ್ನು ಒಟ್ಟಿಗೆ ಹೆಚ್ಚಿಸಿದರೆ ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ.

ಮೊದಲನೇ ಬಗೆಯವರಿಗೆ ದಾರಿ ಸರಳ. ಮನೆಯೊಳಗೆ ಐದು ನಿಮಿಷ ನಡಿಗೆಯಿಂದ ಆರಂಭಿಸಿ, ದಿನಕ್ಕೆ ಎರಡು ಸಲ. ನಡೆಯುತ್ತಾ ಮಾತಾಡಲು ಆಗುವಷ್ಟೇ ವೇಗ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಒಂದು ಸಲಕ್ಕೆ ಐದು. ತೊಡೆಗೆ ಶಕ್ತಿ ಮರಳುವುದು ಇದರಿಂದಲೇ. ಒಂದು ಹಂತದಲ್ಲಿ ಒಂದು ವಾರ ನಿಂತು, ನಂತರ ಹೆಚ್ಚಿಸಿ. ಯಾವ ಬಗೆ ಎಂದು ಸಂಶಯವಿದ್ದರೆ ಎರಡನೆಯದೇ ಎಂದುಕೊಂಡು ನಡೆಯಿರಿ, ನಷ್ಟ ಕಡಿಮೆ.

ಎದ್ದು ನಿಂತ ಕೂಡಲೇ ಎದೆ ಡವಡವ ಹೊಡೆದು ಕಣ್ಣು ಕತ್ತಲೆ ಬರುತ್ತಿದ್ದರೆ ಕೂತ ನಾಡಿಯನ್ನೂ, ನಿಂತು ಹತ್ತು ನಿಮಿಷದೊಳಗಿನ ನಾಡಿಯನ್ನೂ ಬರೆದು ಡಾಕ್ಟರಿಗೆ ತೋರಿಸಿ. 30ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಈ ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ದಮ್ಮು ಕಟ್ಟಿದಾಗ

ಬೆನ್ನು ತಟ್ಟಿ "ಜೋರಾಗಿ ಉಸಿರೆಳ್ಕೋ" ಎನ್ನುವುದು ನಮ್ಮೆಲ್ಲರ ಅಭ್ಯಾಸ. ಅದರಿಂದ ಉಸಿರು ಇನ್ನೂ ಮೇಲೇರುತ್ತದೆ. ಗಮನ ಇರಬೇಕಾದ್ದು ಬಿಡುವ ಉಸಿರಿನ ಮೇಲೆ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಮುಂದಕ್ಕೆ ಬಾಗಿಸಿ, ಮೊಣಕೈ ತೊಡೆಯ ಮೇಲೆ ಊರಿಸಿ. ಮುಂದೆ ಟೇಬಲ್ ಇದ್ದರೆ ಅದರ ಮೇಲೆ ದಿಂಬಿಟ್ಟು ತಲೆ ಒರಗಿಸಬಹುದು. ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ತುಟಿ ಮೊಟಕು ಮಾಡಿ ಬಿಸಿ ಕಾಫಿ ಊದುವಂತೆ ನಾಲ್ಕು ಎಣಿಸುವಷ್ಟು ಹೊರಗೆ. ನೀವೂ ಎದುರಿಗೆ ಕೂತು ಜೊತೆಗೆ ಮಾಡಿ. ನಡುವೆ ಮಾತಾಡಿಸಬೇಡಿ. ಕೆಲವು ನಿಮಿಷದಲ್ಲಿ ಇಳಿಯದಿದ್ದರೆ ಮೇಲಿನ ಅಪಾಯದ ಪಟ್ಟಿ ನೋಡಿ.

ರಾತ್ರಿ ಅಂಗಾತ ಮಲಗಿದರೆ ಕೆಮ್ಮು ಹೆಚ್ಚು. ಎರಡು ಮೂರು ದಿಂಬು ಇಟ್ಟು ತಲೆ ಕುತ್ತಿಗೆ ಎತ್ತರಿಸಿ, ಮಗ್ಗುಲಾಗಿ, ಮೊಣಕಾಲು ಸ್ವಲ್ಪ ಮಡಿಸಿ ಮಲಗಿಸಿ.

ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಡಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕ್ಷೌರ ಎಲ್ಲ ಕೂತೇ ಆಗಲಿ. ಹಂಡೆಯ ಸುಡುನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಬಾಗಿಲ ಚಿಲಕ ಒಳಗಿನಿಂದ ಹಾಕಿಕೊಳ್ಳದಂತೆ ಹೇಳಿ.

ಕೆಮ್ಮು ಮತ್ತು ಮನೆಯ ಗಾಳಿ

ಒಣ ಕೆಮ್ಮಿಗೆ ಕೆಮ್ಮಿದಷ್ಟೂ ಗಂಟಲು ಕೆರಳುತ್ತದೆ, ಕೆರಳಿದಷ್ಟೂ ಕೆಮ್ಮು. ಬಂತು ಎನಿಸಿದಾಗ ಬಾಯಿ ಮುಚ್ಚಿ ಒಮ್ಮೆ ಎಂಜಲು ನುಂಗಿ, ಕ್ಷಣ ತಡೆದು, ಮೂಗಿನಿಂದ ಮೆಲ್ಲಗೆ ಉಸಿರಾಡುವುದನ್ನು ರೂಢಿ ಮಾಡಿಸಿ. ಪಕ್ಕದಲ್ಲಿ ಬೆಚ್ಚನೆ ನೀರು ಇರಲಿ, ಗುಟುಕು ಗುಟುಕಾಗಿ ಕುಡಿಯಲಿ. ಮಲಗುವ ಮೊದಲು ಒಂದು ಚಮಚ ಜೇನು ಕೊಡಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಕಫ ಇದ್ದರೆ ಅದನ್ನು ತಡೆಯುವುದು ಬೇಡ, ತೆಗೆಯಬೇಕು: ಮೂರು ನಾಲ್ಕು ಆಳ ಉಸಿರು, ಆಮೇಲೆ ಕನ್ನಡಿಗೆ ಹಬೆ ಊದುವಂತೆ ಬಾಯಿ ತೆರೆದು "ಹಾ" ಎಂದು ಒಂದೆರಡು ಸಲ. ಜೋರಾಗಿ ಕೆಮ್ಮುವುದಕ್ಕಿಂತ ಇದರಲ್ಲಿ ಸುಸ್ತು ಕಡಿಮೆ, ಕಫ ಹೆಚ್ಚು ಬರುತ್ತದೆ.

ಹಬೆ ತೆಗೆದುಕೊಂಡರೆ ಮೂಗು ಕಟ್ಟಿದ್ದು ಸ್ವಲ್ಪ ಹೊತ್ತು ಬಿಡುತ್ತದೆ ನಿಜ. ವೈರಸ್ ಸಾಯುವುದಿಲ್ಲ. ಕುದಿಯುವ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡವರು, ಕುಕ್ಕರ್‌ಗೆ ಪೈಪು ಹಾಕಿ ಮುಖ ಸುಟ್ಟುಕೊಂಡವರು ಇದ್ದಾರೆ. ನಡುಗುವ ಕೈಯ ವಯಸ್ಸಾದವರಿಗೆ, ಮಕ್ಕಳಿಗೆ ಬೇಡ.

ಅದಕ್ಕಿಂತ ಹೆಚ್ಚು ಫಲ ಕೊಡುವುದು ಮನೆಯ ಗಾಳಿಯನ್ನು ಸುಧಾರಿಸುವುದು. ಸೌದೆ ಒಲೆ, ನೀರೊಲೆ ಹೊಗೆ, ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಧೂಪ ಎರಡು ತಿಂಗಳು ದೂರವಿರಲಿ. ದೇವರ ಮುಂದೆ ದೀಪ ಸಾಕು. ಮನೆಯಲ್ಲಿ ಬೀಡಿ ಸೇದುವವರಿದ್ದರೆ ಜಗಲಿಯೂ ಬೇಡ, ಬೀದಿಗೆ ಹೋಗಲಿ. ಮೆಣಸಿನಕಾಯಿ ಹುರಿಯುವ ದಿನ ರೋಗಿಯನ್ನು ಪಕ್ಕದ ಮನೆಯಲ್ಲಿ ಕೂರಿಸಿ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ನಮ್ಮ ಜಿಲ್ಲೆಗಳ ಋತುಗಳನ್ನೂ ನೋಡಬೇಕು. ಸುಗ್ಗಿಯಲ್ಲಿ ರಾಗಿ ಒಕ್ಕಣೆಯ ದೂಳು, ಬೇಸಿಗೆಯ ಹೊತ್ತಿಗೆ ಹುಣಸೆ ಕುಟ್ಟುವ ದೂಳು, ಪಾವಗಡದ ಕಡೆ ಬಿಸಿಗಾಳಿಯ ಮಣ್ಣು. ಚಿಕ್ಕಬಳ್ಳಾಪುರ, ನಂದಿಯ ಸುತ್ತ ಡಿಸೆಂಬರ್ ಜನವರಿಯ ಮಂಜಿನಲ್ಲಿ ಬೆಳಗಿನ ವಾಕಿಂಗ್ ಬೇಡ, ಒಂಬತ್ತರ ಬಿಸಿಲು ಬಂದ ಮೇಲೆ ಹೊರಡಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಹಬೆ, ಒಲೆ ಹೊಗೆ, ಬೆಂದ ಗೂಡಿನ ವಾಸನೆ ಚೇತರಿಸುತ್ತಿರುವ ಶ್ವಾಸನಾಳಕ್ಕೆ ಭಾರ. ಅಲ್ಲೇ ಮನೆಯಿದ್ದರೆ ರೀಲಿಂಗ್‌ಗೆ ದೂರದ, ಎದುರುಬದುರು ಕಿಟಕಿ ಇರುವ ಕೋಣೆ ಕೊಡಿ.

ಊಟ: ಲೆಕ್ಕ ಹಾಕಿ ಬಡಿಸಿ

ಗಂಜಿ, ಬ್ರೆಡ್ಡು, ಎಳನೀರು ಜ್ವರದ ದಿನಗಳಿಗೆ ಸರಿ. ಆಮೇಲೂ ಅದರಲ್ಲೇ ಇಟ್ಟರೆ ಕರಗಿದ ಸ್ನಾಯು ಮರಳುವುದಿಲ್ಲ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 60ರಿಂದ 70 ಗ್ರಾಂ ಪ್ರೋಟೀನ್ ಬೇಕು. ನಮ್ಮ ಅಡುಗೆಮನೆಯಲ್ಲೇ ಅದು ಹೀಗೆ ಕೂಡುತ್ತದೆ: ದಿನಕ್ಕೆ 200 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಅಥವಾ ಅಂಬಲಿಯಿಂದ 14, ಅರ್ಧ ಲೀಟರ್ ಹಾಲಿನಿಂದ 16, ಎರಡು ಮೊಟ್ಟೆಯಿಂದ 12, 50 ಗ್ರಾಂ ಹುರುಳಿಕಾಳು ಅಥವಾ ಹೆಸರುಕಾಳಿನಿಂದ 11ರಿಂದ 12, ಒಂದು ಹಿಡಿ ಕಡಲೆಬೀಜದಿಂದ 7. ಮೊಟ್ಟೆ ತಿನ್ನದವರಿಗೆ ಮೊಸರು, ಕಾಳು ಹೆಚ್ಚಿಸಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಡಾಕ್ಟರ್ ಹೇಳಿದಷ್ಟೇ. ಅವರಿಗೆ ಎಳನೀರೂ ಕೇಳದೆ ಬೇಡ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಒಂದೇ ಸಲ ದೊಡ್ಡ ಮುದ್ದೆ ಬಡಿಸಿದರೆ ಹೊಟ್ಟೆ ಬಿಗಿದು ಉಸಿರಿಗೆ ಜಾಗವಿಲ್ಲದಂತಾಗುತ್ತದೆ. ನಿಂಬೆ ಗಾತ್ರದ ಮುದ್ದೆ, ಕಾಳಿನ ಬಸ್ಸಾರು ಅಥವಾ ಮಸ್ಸೊಪ್ಪು, ದಿನಕ್ಕೆ ಐದಾರು ಸಲ. ಉಪ್ಸಾರಿನ ಖಾರ ಕಡಿಮೆ ಇರಲಿ. ಅವರೆಕಾಯಿ ಕಾಲವಾದರೆ ಹಿತಕಿದ ಬೇಳೆ ಒಳ್ಳೆಯದೇ, ಹೊಟ್ಟೆ ಉಬ್ಬರಿಸುತ್ತದೆಯೇ ನೋಡಿ ಕೊಡಿ.

ಗ್ಲೂಕೋಸ್ ಬಾಟಲಿ, ಇಂಜೆಕ್ಷನ್, ಮಾತ್ರೆ

"ಒಂದು ಬಾಟಲಿ ಹಾಕಿಸಿದ್ರೆ ಶಕ್ತಿ ಬರುತ್ತೆ" ಎಂದು ಕ್ಲಿನಿಕ್‌ಗೆ ಕರೆದೊಯ್ಯುವ ಮೊದಲು ಇದನ್ನು ನೋಡಿ. ಅರ್ಧ ಲೀಟರ್‌ನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚ. ಬಾಯಲ್ಲಿ ಕುಡಿಯಲು ಆಗುವವರಿಗೆ ಒಂದು ಲೋಟ ಮಜ್ಜಿಗೆ ಬೆರೆಸಿದ ಅಂಬಲಿ ಅದಕ್ಕಿಂತ ಮೇಲು. ಸಕ್ಕರೆ ಕಾಯಿಲೆಯವರಿಗೆ ಬಾಟಲಿ ಹಾನಿಯನ್ನೂ ಮಾಡಬಹುದು.

ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಡಾಕ್ಟರ್ ಬರೆದರೆ ಮಾತ್ರ ತೆಗೆದುಕೊಳ್ಳಬೇಕು. ಹಿಂದಿನ ಸಲ ಉಳಿದ ಸ್ಟೀರಾಯ್ಡ್ ಮಾತ್ರೆ ಮುಟ್ಟಲೇಬಾರದು. ಪ್ಯಾರಾಸಿಟಮಾಲ್ ದೊಡ್ಡವರಿಗೆ ಒಂದು ಸಲಕ್ಕೆ 500 ಅಥವಾ 650 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಕುಡಿಯುವ ಅಭ್ಯಾಸ ಇರುವವರಿಗೆ, ಲಿವರ್ ತೊಂದರೆಯವರಿಗೆ, ತೂಕ ತೀರಾ ಕಡಿಮೆ ಇರುವವರಿಗೆ ಇನ್ನೂ ಕಡಿಮೆ, ಕೇಳಿ ಕೊಡಿ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಗೊತ್ತಿಲ್ಲದೆ ಪ್ರಮಾಣ ಇಮ್ಮಡಿಯಾಗುತ್ತದೆ. ಸ್ಟ್ರಿಪ್‌ನ ಹಿಂದೆ ಓದಿ. ಬಿಪಿ, ಶುಗರ್ ಮಾತ್ರೆಗಳನ್ನು "ಈಗ ಬೇಡ" ಎಂದು ನೀವೇ ನಿಲ್ಲಿಸಬೇಡಿ.

ವಾಸನೆ ಹೋಗಿದ್ದರೆ

ಲವಂಗ, ನಿಂಬೆ ಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ ಎಂದು ನಾಲ್ಕು ಡಬ್ಬಿ ಮಾಡಿಡಿ. ಬೆಳಗ್ಗೆ ಸಂಜೆ ಒಂದೊಂದನ್ನೂ 20 ಸೆಕೆಂಡ್ ಮೆಲ್ಲಗೆ ಮೂಸಬೇಕು, ಆ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳುತ್ತಾ. ಕನಿಷ್ಠ ಮೂರು ತಿಂಗಳು. ಕೆಲವರಿಗೆ ಈರುಳ್ಳಿ ಒಗ್ಗರಣೆ, ಕಾಫಿ ಕೊಳೆತ ವಾಸನೆ ಬರುತ್ತದೆ. ಅವರಿಗೆ ಮೊಸರನ್ನದಂಥ ತಣ್ಣನೆಯ ಊಟ ಸೇರುತ್ತದೆ. ವಾಸನೆ ಹೋದವರಿಗೆ ಗ್ಯಾಸ್ ಸೋರಿದ್ದು ತಿಳಿಯುವುದಿಲ್ಲ, ಒಬ್ಬರೇ ಅಡುಗೆ ಮಾಡುವುದು ಬೇಡ. ರಾತ್ರಿ ರೆಗ್ಯುಲೇಟರ್ ಬೇರೆಯವರು ಆಫ್ ಮಾಡಲಿ. ಸೋರಿಕೆಗೆ ಸಹಾಯವಾಣಿ 1906.

ಮಾತು, ನೆಂಟರು, ಮನಸ್ಸು

"ಇನ್ನೂ ಹುಷಾರಾಗಿಲ್ವಾ? ನಮ್ ಭಾವನಿಗೆ ನಾಲ್ಕೇ ದಿನಕ್ಕೆ ಹೋಯ್ತು" ಎಂಬ ಒಂದು ಮಾತು ರೋಗಿಯನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ತಾನು ಸೋಮಾರಿಯಲ್ಲ ಎಂದು ತೋರಿಸಲು ಅವರು ಮಿತಿ ಮೀರುತ್ತಾರೆ. ಆದ್ದರಿಂದ ಉತ್ತರ ಕೊಡುವ ಕೆಲಸ ನಿಮ್ಮದಾಗಲಿ: "ಡಾಕ್ಟ್ರು ಇನ್ನೂ ಒಂದು ತಿಂಗಳು ಹೇಳಿದ್ದಾರೆ ಅಕ್ಕಾ." ಬಾಗಿಲಲ್ಲೇ ಹೇಳಿಬಿಡಿ. ಭೇಟಿ ಹದಿನೈದು ನಿಮಿಷ, ಒಂದು ಸಲಕ್ಕೆ ಇಬ್ಬರು. ಶೀತ ಇರುವವರು ಫೋನಿನಲ್ಲೇ ಮಾತಾಡಲಿ.

ರೋಗಿಯನ್ನು "ಹೇಗಿದೀಯಾ?" ಎಂದು ಗಂಟೆಗೊಮ್ಮೆ ಕೇಳಬೇಡಿ. "ಈಗ ಮಲಗ್ತೀಯಾ, ಜಗಲಿ ಮೇಲೆ ಕೂರ್ತೀಯಾ?" ಎಂದು ಕೇಳಿ. ಆರಿಸಿಕೊಳ್ಳಲು ಏನಾದರೂ ಇದ್ದರೆ ಮನಸ್ಸು ಹಗುರಾಗುತ್ತದೆ. ಕೂತು ಮಾಡುವ ಸಣ್ಣ ಕೆಲಸ ಅವರದ್ದಾಗಿಯೇ ಇರಲಿ: ಸೊಪ್ಪು ಬಿಡಿಸುವುದು, ಡೈರಿ ಲೆಕ್ಕ ಬರೆಯುವುದು. ಎರಡು ವಾರ ಅಳು, ನಿದ್ದೆಯಿಲ್ಲದಿರುವುದು, ಯಾವುದೂ ಬೇಡ ಎನ್ನುವುದು ಮುಂದುವರಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆರೈಕೆ ಮಾಡುವವರು ಸೋತಾಗಲೂ ಅದೇ ನಂಬರ್. ಒಬ್ಬರೇ ಎಲ್ಲ ಹೊರಬೇಡಿ. ವಾರಕ್ಕೆ ಎರಡು ರಾತ್ರಿಯಾದರೂ ಬೇರೆಯವರು ನೋಡಿಕೊಳ್ಳಲಿ, ನೀವು ಪೂರ್ತಿ ನಿದ್ದೆ ಮಾಡಿ.

ಮತ್ತೆ ಕೆಲಸಕ್ಕೆ

ಹಸು ಇರುವ ಮನೆಯಲ್ಲಿ ಕರೆಯುವುದು ಮೊದಲು ಮರಳಲಿ, ಅದು ಕೂತು ಮಾಡುವ ಕೆಲಸ. ಕ್ಯಾನ್ ಹೊರುವುದು, ಸಗಣಿ ಬಾಚುವುದು ಕೊನೆಗೆ. ಕೋಲಾರದ ಟೊಮೆಟೊ ಬೆಳೆಗಾರರು ನಸುಕಿಗೇ ಮಂಡಿಗೆ ಹೊರಡುತ್ತಾರೆ. ಮೊದಲ ತಿಂಗಳು ಆ ಓಟ ಬೇರೆಯವರದ್ದಾಗಲಿ, ಬಾಕ್ಸ್ ಎತ್ತುವುದಂತೂ ಬೇಡ. ಔಷಧಿ ಸಿಂಪಡಣೆ ಕೆಮ್ಮು ಪೂರ್ತಿ ನಿಲ್ಲುವವರೆಗೆ ಇಲ್ಲ. ತಿಪಟೂರು, ಗುಬ್ಬಿಯ ಕಡೆ ಕಾಯಿ ಸುಲಿಯುವುದು ಎದೆ ತೋಳು ಎರಡಕ್ಕೂ ಭಾರದ ಕೆಲಸ, ಆರು ವಾರ ದೂರವಿರಲಿ.

ರೇಷ್ಮೆ ಮನೆಯವರು ಇನ್ನೂ ಮುಂಚೆ ಯೋಚಿಸಬೇಕು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹೊತ್ತಿನ ನಿದ್ದೆ) ಎದ್ದ ಮೇಲಿನ ಆರೇಳು ದಿನ ಸೊಪ್ಪು ಕತ್ತರಿಸಿ ಹಾಕುವುದಕ್ಕೆ ಮನೆಮಂದಿಯೆಲ್ಲ ನಿದ್ದೆಗೆಡಬೇಕು, ಮಧ್ಯೆ ನಿಲ್ಲಿಸಲು ಆಗದು. ಆ ದಿನ ಬಂದಾಗ ಯಾವ ರೋಗಿಯೂ ಮಲಗಿರುವುದಿಲ್ಲ. ಹಾಗಾಗಿ ಚಾಕಿ (ಎಳೆ ಹುಳು) ತರುವ ಮೊದಲೇ ತೀರ್ಮಾನಿಸಿ: ಈ ಸಲ ಬೆಳೆ ಬಿಡುವುದೋ, ಮೊಟ್ಟೆ ಅರ್ಧಕ್ಕೆ ಇಳಿಸುವುದೋ, ಆಳು ಗೊತ್ತು ಮಾಡುವುದೋ. ಹುಳುಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಹೊಡೆಯುವ ದಿನ, ಹುಳುವಿನ ಹಾಸಿಗೆಗೆ ಸುಣ್ಣ ಉದುರಿಸುವ ಹೊತ್ತು ರೋಗಿ ಆ ಕಡೆ ಸುಳಿಯಬಾರದು.

ಆಫೀಸು, ಗಾರ್ಮೆಂಟ್ಸ್, ಶಾಲೆಯ ಕೆಲಸದವರು ಮೊದಲ ವಾರ ಅರ್ಧ ದಿನ ಕೇಳಿ ನೋಡಲಿ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲು ಬಸ್ಸು ಹಿಡಿಯುವವರಿಗೆ ಸುಸ್ತು ಮಾಡುವುದು ಪ್ರಯಾಣವೇ, ಅದನ್ನೂ ನೋಟ್‌ಬುಕ್‌ನಲ್ಲಿ ಕೆಲಸವೆಂದೇ ಬರೆಯಿರಿ. ಸೋಮವಾರ ಶುರು ಮಾಡುವುದಕ್ಕಿಂತ ಗುರುವಾರ ಶುರು ಮಾಡುವುದು ಒಳ್ಳೆಯದು: ಎರಡು ದಿನದ ಏಟು ತಿಳಿಯುವ ಹೊತ್ತಿಗೆ ಭಾನುವಾರ ಬಂದಿರುತ್ತದೆ. ತಲೆ ಮಂಕಿರುವವರೆಗೆ ಬೈಕ್ ಓಡಿಸುವುದು ಬೇಡ. ಮೂರು ತಿಂಗಳು ಕಳೆದರೂ ಸುಸ್ತು, ದಮ್ಮು, ಮಂಕು ಉಳಿದಿದ್ದರೆ ನೋಟ್‌ಬುಕ್ ಹಿಡಿದು ಜಿಲ್ಲಾಸ್ಪತ್ರೆಯ ಮೆಡಿಸಿನ್ ಅಥವಾ ಶ್ವಾಸಕೋಶ ವಿಭಾಗಕ್ಕೆ ಹೋಗಿ, ಕೊನೆಯ ನಾಲ್ಕು ವಾರದ ಪುಟಗಳನ್ನು ಡಾಕ್ಟರ ಮುಂದೆ ತೆರೆದಿಡಿ.